ದೇವರೆತ್ತಿಗೆ ಇಟ್ಟ ಮೊದಲ ರೊಟ್ಟಿ

ಕರಿಯಕ್ಕ ಹುಟ್ಟಿದ್ದು ಕೊಂಡ್ಲಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಮೊಳಕಾಲ್ಮೂರಿನ ಮಾದಿಗರ ಕೇರಿಗೆ. ಅವಳು ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿಲ್ಲ. ಊರಿಗೆ ಪ್ಲೇಗು ಬಂದಾಗ ಅವಳಿಗೆ ಮೂವತ್ತು ತುಂಬಿರಲಿಲ್ಲ ಎಂಬುದು ಮಾತ್ರ ಗೊತ್ತು. ಅವಳ ಗಂಡ ಸೂರಪ್ಪ ಬಾವಿಯಿಂದ ನೀರೆತ್ತುವ ಕಪಿಲೆಗೆ ಚರ್ಮದ ಚೀಲ ಹೊಲಿಯುತ್ತಿದ್ದ. ಪ್ಲೇಗಿನಲ್ಲಿ ಅವನೂ ನಾಲ್ಕು ವರ್ಷದ ಮಗನೂ ಐದು ದಿನಗಳ ಅಂತರದಲ್ಲಿ ಸತ್ತರು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲ ಅದು. ಹೆಣ ಎತ್ತಲು ಯಾರೂ ಬರಲಿಲ್ಲ. ಮಗನನ್ನು ಅವಳೇ ಹೊತ್ತುಕೊಂಡು ಹೋದಳು. ಗಂಡನನ್ನು ಹೊರಲಾಗದೆ ಚಾಪೆಯ ಮೇಲೆ ಹಾಕಿ ಎಳೆದುಕೊಂಡು ಹೋದಳು.

ಆಮೇಲೆ ಒಂಬತ್ತು ವರ್ಷ ಅವಳು ಪೇಟೆಯ ತೋಟಪ್ಪನವರ ದನದ ಕೊಟ್ಟಿಗೆ ಬಳಿದಳು. ತೋಟಪ್ಪನವರು ಹತ್ತಿ, ಕಡಲೆಕಾಯಿ ವ್ಯಾಪಾರ ಮಾಡುತ್ತಿದ್ದರು. ಕೈಯೆತ್ತಿ ಹೊಡೆಯುವವರಲ್ಲ, ಬಯ್ಯುವವರೂ ಅಲ್ಲ. ಸಂಜೆ ಅವರ ಮನೆಯ ಹೆಂಗಸು ಹಿತ್ತಲ ಮೆಟ್ಟಿಲ ಮೇಲೆ ನಿಂತು ಮೊರದಿಂದ ಜೋಳ ಸುರಿಯುತ್ತಿದ್ದಳು. ಕರಿಯಕ್ಕ ಕೆಳಗೆ ಸೆರಗು ಹಿಡಿದು ನಿಲ್ಲುತ್ತಿದ್ದಳು. ಗಾಳಿಯಿದ್ದ ದಿನ ಅರ್ಧ ಕಾಳು ಸೆರಗಿನಾಚೆ ಗಂಜಲದ ಮೇಲೆ ಬೀಳುತ್ತಿತ್ತು. ಅದನ್ನು ಆಯ್ದು ತೊಳೆದು ಒಣಗಿಸಬೇಕಾಗಿತ್ತು.

"ಮೇಲಿಂದ ಸುರಿಸಿಕೊಳ್ಳದಂಗೆ ತಿನ್ನೋ ಒಂದು ತುತ್ತು ಇದ್ರೆ ಸಾಕು ಕಣೇ," ಎಂದು ಅವಳು ಪಕ್ಕದ ಮನೆಯ ಯರ್ರಮ್ಮನಿಗೆ ಹೇಳುತ್ತಿದ್ದಳಂತೆ. ಅವಳು ಬೇರೆ ಏನನ್ನಾದರೂ ಬಯಸಿದ್ದಳೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಸವಿ ಸಾವಿರದ ಒಂಬೈನೂರ ಎಂಟು ಅಥವಾ ಒಂಬತ್ತರಲ್ಲಿ ಕೇರಿಯ ಸಣ್ಣತಿಮ್ಮಪ್ಪ ಬಳ್ಳಾರಿಯಿಂದ ಹಿಂದಿರುಗಿದ. ಅವನು ಹದಿನಾಲ್ಕು ವರ್ಷ ಅಲ್ಲಿನ ದಂಡಿನಲ್ಲಿ, ಬಿಳಿಯ ಸೋಲ್ಜರುಗಳಿಗೆ ರೊಟ್ಟಿ ಸುಡುವ ಒಲೆಯ ಮುಂದೆ ದುಡಿದಿದ್ದ. ಸೌದೆ ಒಡೆಯುವವನಾಗಿ ಸೇರಿ, ಕೊನೆಗೆ ಹಿಟ್ಟು ನಾದಿ ಬೇಯಿಸುವವನಾಗಿದ್ದ. ಗೋಧಿ ಹಿಟ್ಟಿನ ಆ ರೊಟ್ಟಿ ಬೆಂದಾಗ ಬೆಲ್ಲದ ಅಚ್ಚಿನಂತೆ ಎತ್ತರಕ್ಕೆ ಉಬ್ಬುತ್ತಿತ್ತು. ಕೇರಿಯವರು ಅದಕ್ಕೆ ಉಬ್ಬುರೊಟ್ಟಿ ಎಂದೇ ಹೆಸರಿಟ್ಟರು.

ಸಣ್ಣತಿಮ್ಮಪ್ಪ ಕೇರಿಯ ಜನರನ್ನು ಸೇರಿಸಿ ಹೇಳಿದ: "ಬಳ್ಳಾರಿ ದಾರೀಲಿ ದಿನಕ್ಕೆ ನಲವತ್ತು ಗಾಡಿ ಹಾಯ್ತಾವೆ. ಗಾಡಿಯೋರು ತಿಂತಾರೆ, ಸಾಬರ ಬೀದಿಯೋರು ತಿಂತಾರೆ, ರಸ್ತೆಗೆ ಜಲ್ಲಿ ಒಡೆಯೋರು ತಿಂತಾರೆ. ಪೇಟೆಯೋರು ತಿನ್ನದಿದ್ರೆ ಅವರ ಮನೆ ಹಾಳಾಗ್ಲಿ. ಒಬ್ಬನ ಒಲೆ ಅಂದ್ರೆ ಒಂಬತ್ತು ಜನಕ್ಕೆ ಹೊಟ್ಟೆ ಉರಿ. ಎಲ್ಲರ ಒಲೆ ಮಾಡಾನ. ಕೇರಿ ಮಣ್ಣು, ಕೇರಿ ಸೌದೆ, ಕೇರಿ ಕೈ."

ಹನ್ನೊಂದು ಮನೆಯವರು ಒಪ್ಪಿದರು. ಒಲೆ ಯಾರೊಬ್ಬರದೂ ಅಲ್ಲ. ಒಂದೊಂದು ಮನೆಗೆ ಒಂದೊಂದು ದಿನದ ಸರದಿ. ಆ ದಿನ ಸುಟ್ಟದ್ದು, ಮಾರಿದ್ದು ಆ ಮನೆಯದು.

ಕರಿಯಕ್ಕ ಹಿಂದೆ ನಿಂತಿದ್ದವಳು ಮುಂದೆ ಬಂದು, "ನನಗೂ ಒಂದು ಸರದಿ ಕೊಡ್ರಿ," ಎಂದಳು.

ಜನ ನಕ್ಕರು. ಮಾತಿಗೆ ಹೆಸರಾದ ಅಜ್ಜಪ್ಪ ಎಂಬವನು ಕೇಳಿದ: "ನಿನ್ನ ಮನೇಲಿ ಯಾರವ್ರೆ? ನೀನು, ಒಂದು ಬೆಕ್ಕು. ಬೆಕ್ಕಿಗೆ ನಾದೋಕೆ ಬರ್ತೈತಾ?"

"ಬೆಕ್ಕು ನಿನ್ನಂಗೆ ಕುಡಿಯಲ್ಲ. ಕಲಿಸಿದ್ರೆ ಕಲಿತೈತೆ," ಎಂದಳು ಕರಿಯಕ್ಕ.

ಈ ಸಲ ಅಜ್ಜಪ್ಪನನ್ನು ನೋಡಿ ನಕ್ಕರು. ಸಣ್ಣತಿಮ್ಮಪ್ಪ ನಗಲಿಲ್ಲ. "ಗಂಡಾಳಿಲ್ಲದ ಮನೆಗೆ ಸರದಿ ಅಂದ್ರೆ ನಾಳೆ ಎಲ್ಲಾ ಮುಂಡೇರೂ ಕೇಳ್ತಾರೆ. ಒಲೆ ಶುರುವಾಗೋ ತನಕ ಎಲ್ಲರ ಜೊತೆ ಬಿಟ್ಟಿ ದುಡಿ. ದುಡಿಮೆ ನೋಡಿ ಹೇಳ್ತೀನಿ," ಎಂದ.

ಬೇರೆಯವರೂ ಬಿಟ್ಟಿಯಾಗಿಯೇ ದುಡಿದರು. ಆದರೆ ಹನ್ನೊಂದು ಮನೆಯವರು ತಮ್ಮ ಒಲೆಗೆ ದುಡಿದರು, ಕರಿಯಕ್ಕ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲದ ಒಂದು ದಿನಕ್ಕಾಗಿ ದುಡಿದಳು. ಬೆಳಿಗ್ಗೆ ತೋಟಪ್ಪನವರ ಕೊಟ್ಟಿಗೆ ಬಳಿದು ನೇರ ಕೆರೆಯಂಗಳಕ್ಕೆ ಹೋಗಿ ಮಣ್ಣು ಹೊತ್ತಳು. ಮಣ್ಣಿಗೆ ಕುದುರೆ ಲದ್ದಿ, ಹಳೆಯ ಬೆಲ್ಲದ ನೀರು, ಹೊಟ್ಟು ಹಾಕಿ ಎಂಟು ದಿನ ತುಳಿದರು. ಹಸಿ ಮರಳನ್ನು ಗುಡ್ಡೆ ಮಾಡಿ, ಅದರ ಮೇಲೆ ಗೇಣುದಪ್ಪ ಮಣ್ಣು ಮೆತ್ತಿ, ಒಣಗಿದ ಮೇಲೆ ಒಳಗಿನ ಮರಳನ್ನು ಒಲೆಯ ಬಾಯಿಯ ಮೂಲಕ ಎಳೆದು ತೆಗೆದರು. ಹಾಗೆ ಗೂಡೊಲೆ ಆಯಿತು. ಮೂರನೆಯ ದಿನದ ಬೆಂಕಿಗೆ ಗೂಡಿನ ನೆತ್ತಿ ಬಿರಿಯಿತು. ಆರುವ ತನಕ ಕಾದರೆ ಬಿರುಕು ದೊಡ್ಡದಾಗುತ್ತದೆ ಎಂದು ಸಣ್ಣತಿಮ್ಮಪ್ಪ ಹೇಳಿದಾಗ ಯಾರೂ ಮುಂದೆ ಹೋಗಲಿಲ್ಲ. ಕರಿಯಕ್ಕ ಹಸಿ ಮಣ್ಣಿನ ಉಂಡೆ ಹಿಡಿದು ಹೋಗಿ ಮೆತ್ತಿದಳು. ಅವಳ ಬಲಗೈಯ ಎರಡು ಬೆರಳುಗಳ ಚರ್ಮ ಒಲೆಗೆ ಅಂಟಿಕೊಂಡಿತು.

"ಒಲೆಗೆ ನಿನ್ನ ಚರ್ಮಾನೂ ಹೊದಿಸಿದ್ಯಲ್ಲೇ. ಇನ್ನು ಸರದಿ ಕೇಳಬ್ಯಾಡ, ಒಲೇನೇ ನಿಂದು," ಎಂದ ಅಜ್ಜಪ್ಪ.

ಒಲೆಯ ಕಾವನ್ನು ಅಳೆಯುವ ಒಂದು ಕ್ರಮವನ್ನು ಸಣ್ಣತಿಮ್ಮಪ್ಪ ದಂಡಿನಿಂದ ಕಲಿತು ಬಂದಿದ್ದ. ಕೆಂಡ ಎಳೆದ ಮೇಲೆ ಮೊಣಕೈ ತನಕ ತೋಳನ್ನು ಒಳಗೆ ಚಾಚಿ ಎಣಿಸಬೇಕು. ಹತ್ತಕ್ಕೆ ಮೊದಲೇ ಕೈ ತೆಗೆದರೆ ರೊಟ್ಟಿ ಸೀಯುತ್ತದೆ, ಇಪ್ಪತ್ತರ ತನಕ ತಡೆದರೆ ಒಳಗೆ ಹಸಿ ಉಳಿಯುತ್ತದೆ. ಹದಿನಾಲ್ಕು, ಹದಿನೈದಕ್ಕೆ ತಡೆಯಲಾರದಂತಾಗಬೇಕು. ಗಂಡಸರು ಪಂತ ಕಟ್ಟಿ ಹೆಚ್ಚು ಎಣಿಸುತ್ತಿದ್ದರು, ಇಲ್ಲವೇ ಬೇಗ ಬೇಗ ಎಣಿಸುತ್ತಿದ್ದರು. ಕರಿಯಕ್ಕನ ಎಣಿಕೆ ಮಾತ್ರ ದಿನವೂ ಒಂದೇ ಸಮ. ಅವಳು ಸರಿ ಎಂದಾಗ ಹಾಕಿದ ರೊಟ್ಟಿ ಕೆಟ್ಟದ್ದಿಲ್ಲ. ಶುರುವಿನ ಹಿಂದಿನ ದಿನ ಸಣ್ಣತಿಮ್ಮಪ್ಪ ಎಲ್ಲರೂ ಕೇಳುವಂತೆ, "ನಾಳೆ ಎಲ್ಲಾ ಸುಸೂತ್ರ ಆಗ್ಲಿ. ಹನ್ನೆರಡನೇ ದಿನ ನಿಂದು," ಎಂದ.

ಇಲ್ಲಿ ಎರಡು ವಿಷಯ ಹೇಳಬೇಕು. ಅವು ತಿಳಿಯದಿದ್ದರೆ ಮುಂದೆ ಆದದ್ದು ಅರ್ಥವಾಗುವುದಿಲ್ಲ.

ಒಂದು, ಹಿಟ್ಟು ಉಬ್ಬಲು ಅದಕ್ಕೆ ಹೆಂಡ ಹಾಕುತ್ತಿದ್ದರು. ಈಚಲು ಮರದಿಂದ ಇಳಿಸಿದ ಹುಳಿ ಹೆಂಡ. ದಂಡಿನಲ್ಲೂ ಹಾಗೆಯೇ ಮಾಡುತ್ತಿದ್ದರು.

ಇನ್ನೊಂದು, ಒಲೆ ಇದ್ದ ಜಾಗ. ಕೇರಿಯ ಹಿಂದಿನ ಬೀಳು ನೆಲ ಅದು. ಅದಕ್ಕೆ ಹೊಂದಿಕೊಂಡು ಮ್ಯಾಸನಾಯಕರ ಹಟ್ಟಿಯ ದೇವರೆತ್ತುಗಳು ಮೇಯಲು ಹೋಗುವ ದಾರಿ. ದೇವರಿಗೆ ಬಿಟ್ಟ ಆ ಎತ್ತುಗಳನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿ ಕಾಲಿಗೆ ಮೆಟ್ಟು ಹಾಕುವುದಿಲ್ಲ. ಆ ಹಟ್ಟಿಯವರು ಹೆಂಡ ಮುಟ್ಟುವುದಿಲ್ಲ. ಮುಟ್ಟುವುದು ಹಾಗಿರಲಿ, ಈಚಲು ಮರದ ನೆರಳಲ್ಲಿ ನಿಲ್ಲುವುದಿಲ್ಲ, ಈಚಲ ಚಾಪೆಯ ಮೇಲೆ ಕೂರುವುದಿಲ್ಲ. ಇದು ಸುತ್ತಲಿನವರಿಗೆಲ್ಲ ಗೊತ್ತಿದ್ದ ಮಾತು. ಹೊಸ ಬೆಳೆ ಬಂದಾಗ ಪ್ರತಿ ಮನೆಯವರೂ, ಕೇರಿಯವರೂ ಕೂಡ, ಮೊದಲ ಹಿಡಿಯನ್ನು ದೇವರೆತ್ತಿನ ದಾರಿಯ ಕಲ್ಲಿನ ಮೇಲೆ ಮೀಸಲು ಇಟ್ಟು ದೂರ ನಿಲ್ಲುತ್ತಿದ್ದರು. ಎತ್ತು ಬಾಯಿ ಹಾಕಿದರೆ ಆ ಬೆಳೆ ಕೈಗೆ ಹತ್ತಿತು ಎಂದು ನಂಬಿಕೆ.

ಒಲೆ ಕಟ್ಟುವ ಮೊದಲು ಸಣ್ಣತಿಮ್ಮಪ್ಪ ಹಟ್ಟಿಯ ಯಜಮಾನ ಬೊಮ್ಮಲಿಂಗಪ್ಪನ ಹತ್ತಿರ ಹೋಗಿ ಕೈಮುಗಿದು ಕೇಳಿದ್ದ. ಬೊಮ್ಮಲಿಂಗಪ್ಪ, "ಹೆಂಡದ ಗಡಿಗೆ ದಾರಿಗೆ ಬರಬಾರದು," ಎಂದು ಒಂದೇ ಮಾತು ಹೇಳಿ ಒಪ್ಪಿದ್ದ.

ಶುರುವಿನ ದಿನ ಸೋಮವಾರ. ಬೆಳಕು ಹರಿಯುವ ಮೊದಲೇ ಹನ್ನೊಂದು ಮನೆಯ ಹೆಂಗಸರೂ ಕರಿಯಕ್ಕನೂ ಸೇರಿ ಹಿಟ್ಟು ನಾದಿದರು. ಗಂಡಸರು ಜಾಲಿ ಸೌದೆ ಒಟ್ಟಿದರು, ದಾರಿಗೆ ನೀರು ಚಿಮುಕಿಸಿದರು, ಮಾವಿನ ಸೊಪ್ಪು ಕಟ್ಟಿದರು. ಗಡಿಗೆಯ ತಳದಲ್ಲಿ ಉಳಿದಿದ್ದ ಹೆಂಡವನ್ನು ಅಜ್ಜಪ್ಪ ಚೆಲ್ಲುವುದಕ್ಕೆಂದು ತೆಗೆದುಕೊಂಡು ಹೋಗಿ ಕುಡಿದ. ಕರಿಯಕ್ಕ ತೋಳು ಚಾಚಿ ಎಣಿಸಿ ಸರಿ ಎಂದಳು. ಮೊದಲ ಒಬ್ಬೆಯಲ್ಲಿ ಅರವತ್ತು ರೊಟ್ಟಿ ಬೆಂದವು. ಎಲ್ಲವೂ ಒಂದೇ ಬಣ್ಣಕ್ಕೆ ಬಂದಿದ್ದವು.

ನೋಡಲು ಜನ ಬಂದರು. ಸಾಬರ ಬೀದಿಯವರು, ಜಲ್ಲಿ ಒಡೆಯುವವರು, ಆರೇಳು ಗಾಡಿಯವರು. ಪೇಟೆಯ ಕೆಲವರು ದೂರದಲ್ಲಿ ನಿಂತರು.

"ಕೇರಿಯೋರು ಸಾಹುಕಾರರಾದ್ರು ಕಣಲೇ. ಇನ್ನು ಕಪಿಲೆ ಚೀಲ ಹೊಲಿಯೋರು ಯಾರು?" ಎಂದನೊಬ್ಬ.

"ನೀನೇ ಕಲಿ. ಕೇರೀಲಿ ಮನೆ ಖಾಲಿ ಐತೆ," ಎಂದ ಅವನ ಜೊತೆಗಾರ.

ಜನ ನೋಡಿದರು, ಮೂಸಿದರು. ಯಾರೂ ಕೊಳ್ಳಲಿಲ್ಲ. ಒಬ್ಬ ಗಾಡಿಯವನು ರೊಟ್ಟಿಯ ಕಡೆಗೆ ಕೈ ಚಾಚಿ, ಪೇಟೆಯವರು ನೋಡುತ್ತಿರುವುದನ್ನು ಕಂಡು ಕೈಯನ್ನು ತಲೆಗೆ ಒಯ್ದು ಕೆರೆದುಕೊಂಡ. ಮೊದಲಿಗನಾಗುವ ಧೈರ್ಯ ಯಾರಿಗೂ ಇರಲಿಲ್ಲ. ಹೊತ್ತು ಮೇಲೇರಿತು. ರೊಟ್ಟಿ ಆರುತ್ತಾ ಬಂತು. ಹನ್ನೊಂದು ಮನೆಯವರು ತಮ್ಮ ತಮ್ಮಲ್ಲೇ ಗೊಣಗತೊಡಗಿದರು. ಆಗ ದಾರಿಯ ಆ ತುದಿಯಲ್ಲಿ ದೇವರೆತ್ತುಗಳ ಗಂಟೆ ಕೇಳಿಸಿತು.

ಸಣ್ಣತಿಮ್ಮಪ್ಪ ಕರಿಯಕ್ಕನನ್ನು ಒಲೆಯ ಹಿಂದಕ್ಕೆ ಕರೆದ. ಅವನ ಹೆಂಡತಿಯೂ ಯರ್ರಮ್ಮನೂ ಅಲ್ಲೇ ಸೌದೆ ಜೋಡಿಸುತ್ತಿದ್ದರು.

"ಒಂದು ರೊಟ್ಟಿ ತಗೊಂಡೋಗಿ ಕಲ್ಲಿನ ಮೇಲೆ ಮೀಸಲು ಇಡು," ಎಂದ. "ದೇವರೆತ್ತು ಬಾಯಿ ಹಾಕಿದ್ದು ಇಷ್ಟು ಜನ ನೋಡ್ಲಿ. ಆಮೇಲೆ ಯಾವ ನನ್ಮಗ ಮೈಲಿಗೆ ಅಂತಾನೆ ನೋಡಾನ."

ಕರಿಯಕ್ಕ, "ಅದ್ರಾಗೆ ಹೆಂಡ ಐತಲ್ಲ," ಎಂದಳು.

"ಬೆಂಕಿ ಕಂಡಮ್ಯಾಲೆ ಹೆಂಡ ಎಲ್ಲೈತೆ? ಹಾರಿಹೋಗ್ತೈತೆ. ಮೂಸಿ ನೋಡು."

ಅವಳು ಮೂಸಿದಳು. ಹೆಂಡದ ವಾಸನೆ ಇರಲಿಲ್ಲ.

"ನೀನೇ ಇಡು," ಎಂದಳು.

"ನನ್ನ ಕೈ ಒಲೇಲೈತೆ. ನಿನಗೆ ಹನ್ನೆರಡನೇ ದಿನ ಬೇಕೋ ಬ್ಯಾಡ್ವೋ?"

ಅವಳು ಅರವತ್ತರಲ್ಲಿ ಚೆನ್ನಾಗಿ ಉಬ್ಬಿದ್ದನ್ನು ಆರಿಸಿದಳು. ಮೀಸಲಿಗೆ ಕಳಪೆಯದನ್ನು ಇಡಬಾರದು. ಕಲ್ಲನ್ನು ತೊಳೆದು, ರೊಟ್ಟಿ ಇಟ್ಟು, ಹಿಂದೆ ಬಂದು ಕೈಮುಗಿದು ನಿಂತಳು. ಅವಳು ಮೋಸ ಮಾಡಲು ಇಟ್ಟಳೆಂದು ನನಗೆ ಅನ್ನಿಸುವುದಿಲ್ಲ. ಬೆಂಕಿ ಹೆಂಡವನ್ನು ತಿಂದಿದೆ ಎಂದು ನಂಬಿದ್ದಳು, ಮತ್ತು ಒಲೆಗೆ ಒಳ್ಳೆಯದಾಗಲಿ ಎಂದು ನಿಜವಾಗಿಯೂ ಬೇಡಿಕೊಂಡಳು.

ಹಿಂಡಿನ ಮುಂದೆ ಬೊಲ್ಲ ಎಂಬ ಎತ್ತು ಬರುತ್ತಿತ್ತು. ಮೈಯೆಲ್ಲ ಕಂದು, ಮುಖ ಮಾತ್ರ ಬಿಳಿ. ಅದು ಕಲ್ಲಿನ ಹತ್ತಿರ ನಿಂತು ಮೂಸಿ, ರೊಟ್ಟಿಯನ್ನು ಪೂರ್ತಿ ತಿಂದಿತು. ಇನ್ನೂ ಇದೆಯೇ ಎಂದು ಕಲ್ಲನ್ನು ನೆಕ್ಕಿತು.

ಗಾಡಿಯವರು ಅದನ್ನು ನೋಡಿದರು. ತಲೆ ಕೆರೆದುಕೊಂಡಿದ್ದವನು ಮೊದಲು ಕೊಂಡ. ಅವನ ಹಿಂದೆ ಉಳಿದವರು ನುಗ್ಗಿದರು. ಕಾಲು ಗಳಿಗೆಯಲ್ಲಿ ನಲವತ್ತು ರೊಟ್ಟಿ ಹೋದವು. ಕೇರಿಯ ಹೆಂಗಸರು ನಗಲು ಶುರುಮಾಡಿದರು. ಕರಿಯಕ್ಕ ಎರಡನೆಯ ಒಬ್ಬೆಗೆ ತೋಳು ಚಾಚಿ ಎಣಿಸುತ್ತಿದ್ದಳು.

ಅಷ್ಟರಲ್ಲಿ ಬೆಳಗಿನಿಂದ ಕುಡಿದಿದ್ದ ಅಜ್ಜಪ್ಪ ಖುಷಿಯಲ್ಲಿ ಕೂಗಿ ಹೇಳಿದ: "ನೋಡೇ ಕರಿಯಕ್ಕ, ನಾನೂ ದೇವರೆತ್ತೂ ಇವತ್ತು ಒಂದೇ ಗಡಿಗೇಲಿ ಕುಡಿದ್ವಿ. ಇನ್ನು ನಾವು ಅಣ್ತಮ್ಮಂದಿರು."

ಕಿಲಾರಿ ಗಾದ್ರಪ್ಪ ಹಿಂಡಿನ ಕೊನೆಯಲ್ಲಿ ಬರುತ್ತಿದ್ದ. ಅವನು ನಿಂತ. "ಏನಂದೆ?" ಎಂದು ಕೇಳಿದ. ಅಜ್ಜಪ್ಪನ ಅಮಲು ಇಳಿಯಿತು, ಆದರೆ ಮಾತು ಆಗಲೇ ಹೊರಬಿದ್ದಿತ್ತು. ಗಾದ್ರಪ್ಪ ಬೊಲ್ಲನ ಬಾಯಿಯನ್ನು ಎರಡೂ ಕೈಯಿಂದ ಬಿಡಿಸಿ, ಅಂಟಿದ್ದ ಚೂರನ್ನು ಬೆರಳಿನಿಂದ ತೆಗೆದು ನೋಡಿದ. ಆಮೇಲೆ ಕರಿಯಕ್ಕನ ಕಡೆ ತಿರುಗಿ ತನ್ನ ಮನೆಮಾತು ತೆಲುಗಿನಲ್ಲಿ, "ಏಮಿ ಚೇಸ್ತಿವೇ ನುವ್ವು," ಎಂದ. ಏನು ಮಾಡಿಬಿಟ್ಟೆಯೇ ನೀನು ಎಂದು. ಕೋಲಿನಿಂದ ಹೊಡೆದ. ಮೊದಲ ಏಟು ಅವಳ ಸುಟ್ಟ ಕೈಗೆ ಬಿತ್ತು. ಐದಾರು ಏಟು ಬಿದ್ದ ಮೇಲೆ ಅವನೇ ಕೋಲು ಬಿಸಾಡಿ, ಎತ್ತಿನ ಕೊರಳು ತಬ್ಬಿಕೊಂಡು ಅತ್ತ. ಸುತ್ತ ನಿಂತಿದ್ದ ಹನ್ನೊಂದು ಮನೆಯವರಲ್ಲಿ ಒಬ್ಬರೂ ನಡುವೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಹಟ್ಟಿಯ ಮುಂದೆ ಪಂಚಾಯಿತಿ ಸೇರಿತು. ಕೇರಿಯವರನ್ನು ಬೇಲಿಯ ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ಬೊಮ್ಮಲಿಂಗಪ್ಪ ಕೂಗಾಡುವ ಮನುಷ್ಯನಲ್ಲ. ಮೆಲ್ಲಗೆ ಕೇಳಿದ.

"ಯಾರು ಇಟ್ಟಿದ್ದು?"

"ನಾನೇ ಇಟ್ಟೆ ಬುದ್ಧಿ," ಎಂದಳು ಕರಿಯಕ್ಕ.

"ಇಡು ಅಂದೋರು ಯಾರು?"

ಅವಳು ಸಣ್ಣತಿಮ್ಮಪ್ಪನನ್ನು ನೋಡಿದಳು. ಸಣ್ಣತಿಮ್ಮಪ್ಪ, "ನಾನು ಒಲೆ ಮುಂದಿದ್ದೆ ಬುದ್ಧಿ. ನೋಡ್ಲೇ ಇಲ್ಲ," ಎಂದ.

"ಸುಳ್ಳು. ಒಲೆ ಹಿಂದೆ ಕರೆದು ಅವನೇ ಇಡು ಅಂದ," ಎಂದಳು ಕರಿಯಕ್ಕ. "ಅವನ ಹೆಂಡ್ತಿ ಕೇಳೈತೆ. ಯರ್ರಮ್ಮ ಕೇಳೈತೆ."

ಬೊಮ್ಮಲಿಂಗಪ್ಪ ಇಬ್ಬರನ್ನೂ ಕೇಳಿದ. ಸಣ್ಣತಿಮ್ಮಪ್ಪನ ಹೆಂಡತಿ ತಲೆ ಅಲ್ಲಾಡಿಸಿದಳು. ಯರ್ರಮ್ಮ ನೆಲ ನೋಡುತ್ತಾ, "ನನ್ನ ಕಿವಿ ಸರಿಯಾಗಿ ಕೇಳಲ್ಲ ಬುದ್ಧಿ," ಎಂದಳು. ಅವಳ ಮನೆಗೆ ಬಿದ್ದಿದ್ದ ಸರದಿ ನಾಲ್ಕನೆಯ ದಿನ.

ಬೊಮ್ಮಲಿಂಗಪ್ಪ ನಂಬಿದನೋ ಬಿಟ್ಟನೋ ತಿಳಿಯದು. ಇಟ್ಟ ಕೈ ಒಂದು ಸಿಕ್ಕಿತ್ತು, ಅವನಿಗೆ ಅಷ್ಟು ಸಾಕಾಗಿತ್ತು.

"ಬೊಲ್ಲ ಇನ್ನು ಹಿಂಡಿಗೆ ಬರಂಗಿಲ್ಲ," ಎಂದ. "ದೇವರದು, ಮಾರಂಗಿಲ್ಲ, ನೊಗಕ್ಕೆ ಕಟ್ಟಂಗಿಲ್ಲ, ಸಾಯಿಸಂಗೂ ಇಲ್ಲ. ಕೆಡಿಸಿದೋಳೇ ಸಾಕಲಿ. ಪಕ್ಕೆ ಎಲುಬು ಕಾಣಬಾರದು. ಸತ್ತ ದಿನ ಹೊತ್ತು ಮುಳುಗೋದ್ರೊಳಗೆ ಇಡಿಯಾಗಿ ಹೂಳಬೇಕು. ತೊಗಲಿಗೆ ಕತ್ತಿ ತಾಕಿದ್ರೆ ಇಡೀ ಕೇರೀನ ಕೇಳ್ತೀನಿ."

"ಒಲೆ, ಬುದ್ಧಿ?" ಎಂದು ಸಣ್ಣತಿಮ್ಮಪ್ಪ ಕೇಳಿದ. ಆ ಪಂಚಾಯಿತಿಯಲ್ಲಿ ಅವನು ಕೇಳಿದ್ದು ಅದೊಂದೇ.

"ಒಲೆ ನಿಮ್ಮದು. ಆದ್ರೆ ದೇವರೆತ್ತಿಗೆ ಹುಲ್ಲು ಹಾಕೋ ಕೈ ನಿಮ್ಮ ಹೆಂಡದ ಹಿಟ್ಟು ಮುಟ್ಟಿದ್ದು ಕಂಡ್ರೆ, ಆ ಜಾಗದಲ್ಲಿ ಒಲೆ ಇರಲ್ಲ."

ಹೀಗೆ ಎತ್ತು ಇರುವ ತನಕ ಕರಿಯಕ್ಕ ಒಲೆಯ ಹತ್ತಿರ ಹೋಗುವಂತಿರಲಿಲ್ಲ. ಬರುವಾಗ ದಾರಿಯಲ್ಲಿ ಸಣ್ಣತಿಮ್ಮಪ್ಪ ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಡೆಯುತ್ತಾ, "ಎತ್ತು ಇರೋ ತನಕ ತಾನೆ? ಆಮೇಲೆ ನೋಡಾನ," ಎಂದ. ಅವಳು ಆ ಮಾತನ್ನು ಹಿಡಿದುಕೊಂಡಳು.

ಬೊಲ್ಲನಿಗೆ ಆಗ ಎಂಟು ವರ್ಷ. ಸಾಕಿದರೆ ಇನ್ನೂ ಎಂಟು ಹತ್ತು ವರ್ಷ ಬದುಕುವ ಎತ್ತು. ಚೆನ್ನಾಗಿ ಮೇಯಿಸಿದಷ್ಟೂ ಅವಳ ಸರದಿ ಮುಂದೆ ಹೋಗುತ್ತಿತ್ತು. ಮೇಯಿಸದಿದ್ದರೆ ಪಕ್ಕೆಲುಬು ಕಾಣುತ್ತಿತ್ತು. ಅಮಾವಾಸ್ಯೆಗೊಮ್ಮೆ ಗಾದ್ರಪ್ಪ ಬಂದು ಎತ್ತಿನ ಪಕ್ಕೆಯ ಮೇಲೆ ಕೋಲು ಎಳೆದು ನೋಡುತ್ತಿದ್ದ. ಕೋಲು ಜಾರಿದರೆ ಮಾತಾಡದೆ ಹೋಗುತ್ತಿದ್ದ. ಎಲುಬಿನ ಮೇಲೆ ತಡೆದರೆ ಅದೇ ಕೋಲನ್ನು ಅವಳ ಬೆನ್ನಿಗೆ ಬಳಸುತ್ತಿದ್ದ.

ಅವಳು ಹುಲ್ಲಿಗಾಗಿ ಬದುಗಳ ಮೇಲೆ ತಿರುಗಿದಳು. ಹೊಲದವರು ಕಲ್ಲು ಎಸೆದು ಓಡಿಸಿದರು. ತೋಟಪ್ಪನವರ ಕೊಟ್ಟಿಗೆಯಲ್ಲಿ ಕೂಲಿಯ ಜೋಳದ ಬದಲು ಮೇವಿಗೆ ಸೊಪ್ಪೆ ಕೇಳಿದಳು, ಕೊಟ್ಟರು. ಆದ್ದರಿಂದ ಜೋಳ ನಿಂತಿತು. ಎತ್ತು ತಿಂದ ದಿನ ಅವಳು ತಿನ್ನುತ್ತಿರಲಿಲ್ಲ. ಮೂರನೆಯ ಬೇಸಿಗೆಯಲ್ಲಿ ಎಲ್ಲೂ ಮೇವು ಸಿಗದೆ ತನ್ನ ಗುಡಿಸಲಿನ ಮಾಡಿನ ಹುಲ್ಲನ್ನು ಕಿತ್ತು ಹಾಕಿದಳು. ಬೊಲ್ಲ ಅದನ್ನೂ ತಿಂದಿತು. ಅವಳು ಮಾಡಿನ ಬರಿಯ ಗಳಗಳ ಕೆಳಗೆ ಮಲಗಿದಳು.

"ಗಂಡನಿಗೂ ಇಷ್ಟು ಮಾಡಿರಲಿಲ್ಲ ಇವಳು," ಎಂದು ಅಜ್ಜಪ್ಪ ಹೇಳುತ್ತಿದ್ದ.

ಕೆಲವರು ಅವಳು ಎತ್ತನ್ನು ಮಗನಂತೆ ಸಾಕಿದಳು ಎನ್ನುತ್ತಾರೆ. ಅದು ನಿಜವಲ್ಲ. ಅವಳು ಅದಕ್ಕೆ ಹೆಸರು ಹಿಡಿದು ಕರೆಯಲಿಲ್ಲ, ಮೈ ಸವರಲಿಲ್ಲ. ಎತ್ತಿಗೂ ಅವಳು ಬೇಕಿರಲಿಲ್ಲ. ದಿನವೂ ಬೆಳಿಗ್ಗೆ ಹಿಂಡಿನ ಗಂಟೆ ಕೇಳಿದಾಗ ಅದು ಹಗ್ಗ ಜಗ್ಗಿ ಕೂಗುತ್ತಿತ್ತು. ಎರಡು ಸಲ ಹಗ್ಗ ಹರಿದುಕೊಂಡು ಹಿಂಡಿನ ಹಿಂದೆ ಓಡಿತು. ಗಾದ್ರಪ್ಪ ಅಳುತ್ತಲೇ ಅದರ ಬಿಳಿಯ ಮುಖಕ್ಕೆ ಕಲ್ಲು ಹೊಡೆದು ಹಿಂದಕ್ಕಟ್ಟಿದ. ಎರಡನೆಯ ಸಲ ಅದರ ಒಂದು ಕಣ್ಣು ಹೋಯಿತು. ಆಮೇಲೆ ಅದು ಹೋಗಲಿಲ್ಲ. ಕೂಗುವುದನ್ನು ಮಾತ್ರ ಬಿಡಲಿಲ್ಲ.

ಒಲೆ ಚೆನ್ನಾಗಿ ನಡೆಯಿತು. ತಪ್ಪು ಮಾಡಿದವಳನ್ನು ಹೊರಗಿಟ್ಟಿದ್ದಾರೆ ಎಂದು ತಿಳಿದ ಮೇಲೆ ಗಾಡಿಯವರ ಅಂಜಿಕೆ ಹೋಯಿತು. ಭಾನುವಾರ ಚಳ್ಳಕೆರೆಯ ಸಂತೆಗೂ ಬುಟ್ಟಿಗಳು ಹೋಗತೊಡಗಿದವು. ಹನ್ನೊಂದು ಮನೆಗಳಲ್ಲಿ ನಾಲ್ಕು ಮನೆಯವರು ಪೇಟೆಯ ಕೊಟ್ಟಿಗೆ ಕೆಲಸ ಬಿಟ್ಟರು. ಒಲೆಯ ಹೊಗೆ ಕರಿಯಕ್ಕನ ಮನೆಯ ಮೇಲೆ ಹಾದುಹೋಗುತ್ತಿತ್ತು. ಯಾರ ಸರದಿಯ ದಿನ ರೊಟ್ಟಿ ಸೀದಿದೆ, ಯಾರದು ಹಸಿ ಉಳಿದಿದೆ ಎಂದು ಅವಳು ವಾಸನೆಯಿಂದಲೇ ಹೇಳುತ್ತಿದ್ದಳಂತೆ. ಕೇಳುವವರು ಇರಲಿಲ್ಲ.

ಏಳು ವರ್ಷ ಕಳೆದವು. ಒಂದು ಚೈತ್ರದ ಬೆಳಿಗ್ಗೆ ಹಿಂಡಿನ ಗಂಟೆ ಕೇಳಿದರೂ ಬೊಲ್ಲ ಕೂಗಲಿಲ್ಲ. ಕರಿಯಕ್ಕ ಹೋಗಿ ನೋಡಿದಾಗ ಅದು ಕಾಲು ಚಾಚಿ ಸತ್ತಿತ್ತು. ಅವಳು ಹಟ್ಟಿಗೆ ಸುದ್ದಿ ಕೊಟ್ಟು ಬಂದು, ಮನೆಯ ಹಿಂದೆ ಎತ್ತು ಬಿದ್ದಿದ್ದ ಜಾಗದ ಪಕ್ಕದಲ್ಲೇ ಗುಂಡಿ ತೋಡಲು ಶುರುಮಾಡಿದಳು. ನೆಲ ಕಲ್ಲು ಮೊರಡು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗುಂಡಿ ಮೊಣಕಾಲುದ್ದ ಆಗಿತ್ತು. ಅವಳು ಹಾರೆ ಅಲ್ಲೇ ಬಿಟ್ಟು, ಕೈಕಾಲು ತೊಳೆದು, ಏಳು ವರ್ಷದಲ್ಲಿ ಮೊದಲ ಬಾರಿಗೆ ಒಲೆಯ ಹತ್ತಿರ ಹೋದಳು.

ಅಂದಿನ ಸರದಿ ಅಜ್ಜಪ್ಪನದು. ಸಣ್ಣತಿಮ್ಮಪ್ಪ ಚಪ್ಪರದ ಕೆಳಗೆ ಕೂತಿದ್ದ. ಅವನಿಗೆ ಕಣ್ಣು ಮಂಜಾಗಿತ್ತು.

"ಎತ್ತು ಹೋಯ್ತು," ಎಂದಳು.

"ಕೇಳ್ದೆ."

"ನನ್ನ ಸರದಿ ಕೊಡು."

ಸಣ್ಣತಿಮ್ಮಪ್ಪ ಹೇಳಿದ: "ಹನ್ನೆರಡನೇ ದಿನ ಈಗ ಇಲ್ಲ ಕಣವ್ವ. ನನ್ನ ಎರಡನೇ ಮಗ ಬ್ಯಾರೆ ಮನೆ ಮಾಡಿದ. ಅವನಿಗೆ ಹೋಯ್ತು."

"ಹಂಗಾದ್ರೆ ಹದಿಮೂರನೇದು ಮಾಡು."

"ಮಾಡಬೌದು. ಆದ್ರೆ ಒಲೆ ಮುಂದೆ ನಿನ್ನ ಮುಖ ಕಂಡ್ರೆ ಗಾಡಿಯೋರಿಗೆ ಹಳೇದೆಲ್ಲ ನೆನಪಾಗ್ತೈತೆ. ಹನ್ನೆರಡು ಮನೆ ಅನ್ನ ಇದು. ನಿನ್ನೊಬ್ಬಳಿಗೆ ಕೆಡಿಸ್ಲಾ?"

"ನೀನೇ ಇಡು ಅಂದಿದ್ದೆ."

"ಅಂದಿದ್ದೆ," ಎಂದ ಸಣ್ಣತಿಮ್ಮಪ್ಪ. ಏಳು ವರ್ಷದಲ್ಲಿ ಅವನು ಅದನ್ನು ಒಪ್ಪಿದ್ದು ಅದೇ ಮೊದಲು. "ಅಂದಿದ್ದೆ. ಈಗ ಯಾರು ಕೇಳ್ತಾರೆ?"

ಅಜ್ಜಪ್ಪ, ಅವನ ಮಕ್ಕಳು, ಇನ್ನೂ ಕೆಲವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಗುಂಡಿ ಎಷ್ಟಾಗೈತೆ?" ಎಂದು ಸಣ್ಣತಿಮ್ಮಪ್ಪ ಕೇಳಿದ.

"ಮೊಣಕಾಲುದ್ದ."

"ಎತ್ತಿಗೆ ಎದೆಯುದ್ದ ಬೇಕು. ಹೊತ್ತು ಮುಳುಗೋದ್ರೊಳಗೆ ನಿನ್ನ ಕೈಲಾಗಲ್ಲ. ಹನ್ನೆರಡು ಮನೆ ಗಂಡಸರು ಬಂದ್ರೆ ಎರಡು ಗಳಿಗೆ ಕೆಲಸ. ಕಳಿಸ್ತೀನಿ. ಆದ್ರೆ ಸರದಿ ಮಾತು ಇವತ್ತಿಗೆ ಮುಗೀಬೇಕು. ಇನ್ನೊಂದು ದಿನ ಈ ಕಡೆ ಬರಬಾರದು."

ಕರಿಯಕ್ಕ ಒಲೆಯ ಬಾಯಿಯನ್ನು ನೋಡಿದಳು. ಆಮೇಲೆ ಸೂರ್ಯ ಎಲ್ಲಿದ್ದಾನೆ ಎಂದು ನೋಡಿದಳು. ಗುಂಡಿ ಆಗದಿದ್ದರೆ ಹಟ್ಟಿಯವರು ಏನು ಮಾಡುತ್ತಾರೆ ಎಂಬುದು ಅವಳ ಬೆನ್ನಿಗೆ ಗೊತ್ತಿತ್ತು.

"ಹಾರೆ ತಗೊಂಡು ಬರ್ರಿ," ಎಂದಳು.

ಹನ್ನೆರಡು ಜನ ಬಂದರು. ಗಾದ್ರಪ್ಪ ದೂರದಲ್ಲಿ ನಿಂತು, ತೊಗಲಿಗೆ ಕತ್ತಿ ತಾಕದಂತೆ ಕಾದು ನೋಡಿದ. ಹೊತ್ತು ಇಳಿಯುವ ಮೊದಲೇ ಗುಂಡಿ ಎದೆಯುದ್ದ ಆಯಿತು. ಎತ್ತನ್ನು ಹಗ್ಗ ಕಟ್ಟಿ ಉರುಳಿಸಿದರು, ಮಣ್ಣು ಮುಚ್ಚಿದರು. ಆಮೇಲೆ ಅಲ್ಲೇ ಕೂತು, ಅಜ್ಜಪ್ಪ ಅಂದು ಸುಟ್ಟಿದ್ದ ರೊಟ್ಟಿಗಳನ್ನು ಹಂಚಿಕೊಂಡು ತಿಂದರು. ಒಂದನ್ನು ಅಜ್ಜಪ್ಪ ಕರಿಯಕ್ಕನ ಕಡೆಗೆ ಎಸೆದ. ಅವಳು ಎರಡು ದಿನದಿಂದ ಉಂಡಿರಲಿಲ್ಲ. ನೆಲದಿಂದ ಎತ್ತಿಕೊಂಡು ಮುರಿದಳು, ನಡುವಿನ ತಿರುಳನ್ನು ಬೆರಳಿನಿಂದ ಒತ್ತಿ ನೋಡಿದಳು.

"ಒಳಗೆ ಹಸಿ ಐತೆ," ಎಂದಳು. "ಇಪ್ಪತ್ತಕ್ಕೆ ಹಾಕಿದ್ದೀಯ. ಇನ್ನೊಂದು ಸಲ ಕಾಯಿಸಬೇಕಾಗಿತ್ತು."

"ಮುಚ್ಚಿಕೊಂಡು ತಿನ್ನು," ಎಂದ ಅಜ್ಜಪ್ಪ.

ಅವಳು ತಿಂದಳು.